ಗೋಡೆಯ ಮೇಲಿನ ತಪ್ಪು ಮಂಗಟ್ಟೆ

(ಶಿರಸಿಯಲ್ಲಿ ನನ್ನ ಚಿತ್ರಗಳ ಪ್ರದರ್ಶನ ನಡೆದ ದಿನ ಆಡಿದ ಮಾತುಗಳ ಬರಹ ರೂಪ)

ಒಳಗೆ ಬರುವಾಗ ಎಡಗಡೆ ಗೋಡೆಯ ಮೇಲೆ ಮೊದಲ ಚಿತ್ರ ನೋಡಿದಿರಲ್ಲ, ದೊಡ್ಡ ಮಂಗಟ್ಟೆ, ಅಂದರೆ ಗ್ರೇಟ್ ಹಾರ್ನ್‌ಬಿಲ್ ಹಕ್ಕಿಯದ್ದು, ಅದು ತಪ್ಪು ಚಿತ್ರ. ಗೊತ್ತಿದ್ದೇ ಹಾಕಿದ್ದೇನೆ. ಅದರ ಕೆಳಗೆ ಬೆಲೆಯ ಚೀಟಿ ಇಲ್ಲ. ಆ ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ, ಯಾಕೆಂದರೆ ಉಳಿದ ಚಿತ್ರಗಳೆಲ್ಲ ಅದರಿಂದಲೇ ಹುಟ್ಟಿದವು.

ಚಿತ್ರದಲ್ಲಿ ಒಂದು ದೊಡ್ಡ ಮರ ಇದೆ. ಮರದಲ್ಲಿ ಪೊಟರೆ. ಪೊಟರೆಯ ಬಾಯಿ ಮುಚ್ಚಿದೆ, ಒಂದು ಸೀಳು ಮಾತ್ರ ಉಳಿದಿದೆ, ಸೀಳಿನಲ್ಲಿ ಒಂದು ಕೊಕ್ಕಿನ ತುದಿ. ಹೊರಗೆ ಕಾಂಡಕ್ಕೆ ಅಂಟಿ ಕೂತ ಹಕ್ಕಿ ಹಣ್ಣು ಕೊಡುತ್ತಿದೆ. ಇಪ್ಪತ್ತು ದಿನ ಕೂತು ಬರೆದ ಚಿತ್ರ ಅದು. ಯಾರ್ಯಾರೋ ತೆಗೆದ ಮೂರ್ನಾಲ್ಕು ಫೋಟೋ ಎದುರಿಗಿಟ್ಟುಕೊಂಡಿದ್ದೆ. ಒಂದರಿಂದ ಮೈ, ಇನ್ನೊಂದರಿಂದ ತಲೆ, ಮತ್ತೊಂದರಿಂದ ರೆಕ್ಕೆ. ಗರಿ ಗರಿಯನ್ನೂ ಸಣ್ಣ ಕುಂಚದಲ್ಲಿ ತಿದ್ದಿದ್ದೆ. ನೋಡಿದವರೆಲ್ಲ ಜೀವಂತ ಇದ್ದ ಹಾಗೇ ಇದೆ ಅಂದರು. ನಾನೂ ನಂಬಿದೆ.

ಪಕ್ಕದ ಊರಿನಲ್ಲಿ ಅಡಿಕೆ ತೋಟ ಇರುವ ಹಿರಿಯರೊಬ್ಬರಿದ್ದಾರೆ. ಎಪ್ಪತ್ತು ದಾಟಿದವರು. ನಾನು ಮಾವ ಅಂತಲೇ ಕರೆಯುವುದು. ಏನೋ ಕೆಲಸಕ್ಕೆ ಮನೆಗೆ ಬಂದವರು ಚಾ ಕುಡಿಯುತ್ತಾ ಚಿತ್ರದ ಮುಂದೆ ನಿಂತರು. ತುಂಬಾ ಹೊತ್ತು ನಿಂತರು. ಆಮೇಲೆ ಕೇಳಿದರು, "ತಮಾ, ಒಳಗಿಪ್ಪದೂ ಹೆಣ್ಣು, ಹೊರಗಿಪ್ಪದೂ ಹೆಣ್ಣು. ಹಂಗಾರೆ ಗಂಡು ಎಲ್ಲಿಗೆ ಹೋತು?"

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವರು ಹಕ್ಕಿಯ ಕಣ್ಣಿನ ಮೇಲೆ ಬೆರಳಿಟ್ಟರು. ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನ ಕಣ್ಣು ಬಿಳಿ. ನಾನು ಬರೆದದ್ದು ಬಿಳಿ ಕಣ್ಣು. ತಲೆಗೆ ಇಟ್ಟುಕೊಂಡ ಫೋಟೋ ಹೆಣ್ಣಿನದಾಗಿತ್ತು. ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಸೇರಿ ತನ್ನದೇ ಹಿಕ್ಕೆ, ಹಣ್ಣಿನ ಚರಟ ಎಲ್ಲ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಹಾರುವ ಗರಿಗಳನ್ನೂ ಅಲ್ಲೇ ಉದುರಿಸಿಕೊಳ್ಳುತ್ತದೆ. ಅಷ್ಟೂ ದಿನ ಹೊರಗಿನಿಂದ ಉಣಿಸುವುದು ಗಂಡು. ಹೆಣ್ಣು ಗೂಡಿನೊಳಗೆ ಇರುವಾಗ ಇನ್ನೊಂದು ಹೆಣ್ಣು ಹೊರಗೆ ಕೂತು ಹಣ್ಣು ಕೊಡುವ ನನ್ನ ಚಿತ್ರ ಈ ಕಾಡಿನಲ್ಲಿ ನಡೆಯದ ಸಂಗತಿ.

ಕಣ್ಣಿಗೆ ಒಂದು ಹನಿ ಕೆಂಪು ಇಟ್ಟರೆ ಸರಿಹೋಗುತ್ತಿತ್ತು ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತು, ಕುಂಚ ತರೋಕೆ ಎದ್ದೂ ಬಿಟ್ಟೆ. ಅಷ್ಟರಲ್ಲಿ ಮಾವ ಇನ್ನೊಂದು ಪ್ರಶ್ನೆ ಕೇಳಿದರು. "ಮರ ಯಾವ್ದು ಇದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರ ಅಂದರೆ ಮರ. ಕಂದು ಬಣ್ಣದ ಒಂದು ಕಾಂಡ, ಅದರ ಮೇಲೆ ಒರಟು ಗೆರೆಗಳು. ತೊಗಟೆ ಮತ್ತಿಯದೂ ಅಲ್ಲ, ನಂದಿಯದೂ ಅಲ್ಲ, ಹೊನ್ನೆಯದೂ ಅಲ್ಲ. ಹಕ್ಕಿಗೆ ಹತ್ತೊಂಬತ್ತು ದಿನ ಕೊಟ್ಟು ಮರಕ್ಕೆ ಒಂದು ದಿನ ಕೊಟ್ಟಿದ್ದೆ. ಕುಂಚ ಅಲ್ಲೇ ಇಟ್ಟೆ.

ಮುಂದಿನ ಫೆಬ್ರವರಿಯಲ್ಲಿ ಮಾವ ನನ್ನನ್ನು ಅವರ ಸೊಪ್ಪಿನ ಬೆಟ್ಟಕ್ಕೆ ಕರೆದುಕೊಂಡು ಹೋದರು. ಈ ಕಡೆಯವರಲ್ಲದವರಿಗೆ ಹೇಳುತ್ತೇನೆ, ತೋಟಕ್ಕೆ ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ ತರಲು ಬಿಟ್ಟ ಕಾಡಿಗೆ ನಾವು ಸೊಪ್ಪಿನ ಬೆಟ್ಟ ಅನ್ನುತ್ತೇವೆ. ಅದರ ಮೇಲಿನ ಅಂಚಿನಲ್ಲಿ ಒಂದು ದೊಡ್ಡ ತಾರೆ ಮರ. ಎತ್ತರದಲ್ಲಿ ಪೊಟರೆ. ನಾವು ತುಂಬಾ ದೂರದಲ್ಲಿ, ಗಿಡಗಳ ಮರೆಯಲ್ಲಿ ಕೂತೆವು. ಹತ್ತಿರ ಹೋಗುವ ಹಾಗಿಲ್ಲ, ಯಾಕೆಂದರೆ ಮನುಷ್ಯರು ಕಂಡರೆ ಗಂಡು ಗೂಡಿಗೆ ಬರುವುದಿಲ್ಲ, ಒಳಗಿನ ಹೆಣ್ಣಿಗೆ ಆ ಹೊತ್ತಿನ ಊಟ ತಪ್ಪಿ ಹೋಗುತ್ತದೆ. ಇದನ್ನು ಫೋಟೋ ತೆಗೆಯುವವರಿಗೂ ಹೇಳುತ್ತಿದ್ದೇನೆ, ದಯವಿಟ್ಟು ಗೂಡಿನ ಹತ್ತಿರ ಹೋಗಬೇಡಿ.

ಮೊದಲು ಕೇಳಿಸಿದ್ದು ರೆಕ್ಕೆ. ಹಕ್ಕಿ ಕಾಣುವುದಕ್ಕೂ ಮೊದಲೇ ಸದ್ದು ಬರುತ್ತದೆ, ಕಮ್ಮಾರನ ತಿದಿ ಒತ್ತಿದ ಹಾಗೆ. ಹಾರುವ ಗರಿಗಳ ಬುಡ ತೆರೆದೇ ಇರುವುದರಿಂದ ಅಲ್ಲಿ ಗಾಳಿ ನುಗ್ಗುತ್ತದೆ, ಅದರ ಸದ್ದು ಅದು. ಗಂಡು ಬಂದು ಕೂತಿತು. ಕೊಕ್ಕು ಖಾಲಿ. ಏನೂ ತಂದಿಲ್ಲ ಅಂದುಕೊಂಡೆ. ಆಮೇಲೆ ಕುತ್ತಿಗೆ ಒಮ್ಮೆ ಕೊಡವಿ, ಗಂಟಲಿನಿಂದ ಒಂದು ಹಣ್ಣು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಟ್ಟಿತು. ಮತ್ತೆ ಒಂದು. ಮತ್ತೆ ಒಂದು. ನಾನು ಎಣಿಸುತ್ತಾ ಹೋಗಿ ಇಪ್ಪತ್ತರ ಆಚೆ ತಪ್ಪಿಸಿಕೊಂಡೆ. ಹೆಚ್ಚಿನವು ಆಲ, ಬಸರಿ, ಅತ್ತಿ ಜಾತಿಯ ಹಣ್ಣು. ನಡುವೆ ಒಂದು ಕೆಂಪು ಪತ್ರೆ ಸುತ್ತಿದ ಬೀಜವೂ ಬಂತು. ಮಾವ ಪಿಸುಮಾತಿನಲ್ಲಿ "ರಾಮಪತ್ರೆ" ಅಂದರು, ಜಾಯಿಕಾಯಿಯ ಕಾಡು ಜಾತಿ ಅದು.

ಆವತ್ತು ದುರ್ಬೀನಿನಲ್ಲಿ ಕಂಡ ಇನ್ನೊಂದು ವಿಷಯ ಹೇಳಲೇಬೇಕು. ಫೋಟೋ ನೋಡಿ ಬರೆದ ಚಿತ್ರದಲ್ಲಿ ನಾನು ಕೊಕ್ಕು, ಅದರ ಮೇಲಿನ ಕಿರೀಟ, ಕುತ್ತಿಗೆ ಎಲ್ಲಕ್ಕೂ ಒಂದೇ ಹದದ ಹಳದಿ ಬಳಿದಿದ್ದೆ. ನಿಜವಾದ ಹಕ್ಕಿಯಲ್ಲಿ ಹಳದಿ ಒಂದೇ ಸಮ ಇಲ್ಲ. ಒಂದು ಕಡೆ ದಟ್ಟ, ಒಂದು ಕಡೆ ತೆಳು, ಕುತ್ತಿಗೆಯಲ್ಲಿ ಅರಿಶಿನ ಕೈ ಒರೆಸಿದ ಬಟ್ಟೆಯ ಹಾಗೆ. ಅದು ಹುಟ್ಟಿನಿಂದ ಬಂದ ಗರಿಯ ಬಣ್ಣ ಅಲ್ಲವೇ ಅಲ್ಲ. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇರುತ್ತದೆ, ಹಕ್ಕಿ ಅಲ್ಲಿಗೆ ಕೊಕ್ಕು ಉಜ್ಜಿ ಆ ಹಳದಿ ಎಣ್ಣೆಯನ್ನು ಕಿರೀಟಕ್ಕೆ, ಕುತ್ತಿಗೆಗೆ, ರೆಕ್ಕೆಯ ಬಿಳಿ ಪಟ್ಟೆಗೆ ಹಚ್ಚಿಕೊಳ್ಳುತ್ತದೆ. ಮೂಲದಲ್ಲಿ ಆ ಗರಿ ಬಿಳಿ. ಅಂದರೆ ಹಕ್ಕಿಯೇ ದಿನಾ ತನಗೆ ಬಣ್ಣ ಬಳಿದುಕೊಳ್ಳುತ್ತಿದೆ! ಇದು ಗೊತ್ತಾದ ಮೇಲೆ ನಾನೂ ಹಾಗೇ ಮಾಡುತ್ತೇನೆ. ಮೊದಲು ಕಾಗದದ ಬಿಳಿಯನ್ನು ಬಿಡುತ್ತೇನೆ, ಕೊನೆಗೆ ತೆಳು ಹಳದಿಯನ್ನು ಅಲ್ಲಲ್ಲಿ ಒರೆಸುತ್ತೇನೆ. ಬಲಗಡೆ ಗೋಡೆಯ ಮೂರನೇ ಚಿತ್ರವನ್ನು ಹತ್ತಿರ ಹೋಗಿ ನೋಡಿ. ಕಣ್ಣಿನ ರೆಪ್ಪೆಯನ್ನೂ ನೋಡಿ. ಮಂಗಟ್ಟೆಗೆ ನಮ್ಮ ಹಾಗೇ ಉದ್ದ ರೆಪ್ಪೆ ಇದೆ, ಆದರೆ ಅದು ಕೂದಲಲ್ಲ, ಗರಿಯೇ ಹಾಗೆ ಮಾರ್ಪಟ್ಟಿರುವುದು.

ಆ ಬೇಸಿಗೆಯಲ್ಲಿ ಹನ್ನೊಂದು ಸಲ ಹೋದೆ. ಹಕ್ಕಿ ಇದ್ದದ್ದು ಪ್ರತಿ ಸಲವೂ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಏನು ಮಾಡುವುದು? ಮರ ಬರೆದೆ. ತಾರೆಯ ತೊಗಟೆಯ ಉದ್ದುದ್ದ ಬಿರುಕು, ಬೂದಿ ಮಿಶ್ರಿತ ನೀಲಿ, ಬುಡದ ಹತ್ತಿರ ಪಾಚಿ. ಹಾಗೆ ಬರೆಯುತ್ತಾ ಕೂತಾಗಲೇ ನನಗೆ ಸರಿಯಾಗಿ ತಲೆಗೆ ಹೋದದ್ದು, ಇಷ್ಟು ದೊಡ್ಡ ಹಕ್ಕಿಗೆ ಇಂಥ ಪೊಟರೆ ಬೇಕೆಂದರೆ ಮರ ಎಷ್ಟು ಹಳೆಯದಾಗಿರಬೇಕು, ಮರದ ಸುತ್ತ ವರ್ಷವಿಡೀ ಒಂದಲ್ಲ ಒಂದು ಹಣ್ಣು ಇರಬೇಕೆಂದರೆ ಕಾಡು ಎಂಥದ್ದಿರಬೇಕು ಅಂತ. ಮಂಗಟ್ಟೆ ತಿಂದ ಹಣ್ಣಿನ ಬೀಜ ದೂರ ದೂರ ಬೀಳುತ್ತದೆ, ಅಲ್ಲಿ ಮರ ಹುಟ್ಟುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಲ್ಕು ಬಗೆಯ ಮಂಗಟ್ಟೆ ಇವೆ. ದಾಂಡೇಲಿಯ ಹತ್ತಿರ 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆ ಆಯಿತು. ನನಗೆ ಅದರ ಬಗ್ಗೆ ತುಂಬಾ ಗೌರವ ಇದೆ. ಆದರೆ ಮಾವನ ತಾರೆ ಮರ ಇರುವುದು ಯಾವ ಮೀಸಲಿನಲ್ಲೂ ಅಲ್ಲ. ಒಬ್ಬ ರೈತ ಕಡಿಯದೆ ಬಿಟ್ಟಿದ್ದಕ್ಕೆ ಅದು ನಿಂತಿದೆ.

ಈಗ ಬಣ್ಣದ ವಿಷಯಕ್ಕೆ ಸ್ವಲ್ಪ ಬರುತ್ತೇನೆ, ಮಕ್ಕಳು ಕೇಳಿದ್ದರು. ಹಸಿರು ಬಣ್ಣದ ಟ್ಯೂಬ್ ಕೊಳ್ಳಬೇಡಿ. ಅಂಗಡಿಯ ಹಸಿರು ನಮ್ಮ ಕಾಡಿನಲ್ಲಿ ಎಲ್ಲೂ ಇಲ್ಲ. ಹಳದಿ, ನೀಲಿ ಬೆರೆಸಿ, ಅದಕ್ಕೆ ಚೂರು ಕೆಮ್ಮಣ್ಣಿನ ಕಂದು ಸೇರಿಸಿ, ಆಗ ಜುಲೈ ತಿಂಗಳ ಹಸಿರು ಬರುತ್ತದೆ. ಕಪ್ಪು ಟ್ಯೂಬನ್ನೂ ಬಿಟ್ಟುಬಿಡಿ. ಭೀಮರಾಜ ಹಕ್ಕಿ ಕಪ್ಪು ಅಂತ ಬರೀ ಕಪ್ಪು ಬಳಿದರೆ ಕಾಗದದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಗಾಢ ನೀಲಿ, ಗಾಢ ಕಂದು ಬೆರೆಸಿ ಕಪ್ಪು ಮಾಡಿಕೊಳ್ಳಿ, ಬಿಸಿಲು ಬಿದ್ದ ಕಡೆ ನೀಲಿ ಜಾಸ್ತಿ ಇರಲಿ.

ಎಲ್ಲಕ್ಕಿಂತ ಕಷ್ಟ ಮಿಂಚುಳ್ಳಿಯ ನೀಲಿ. ಒಮ್ಮೆ ಗದ್ದೆ ಬದುವಿನ ಮೇಲೆ ಮಿಂಚುಳ್ಳಿಯ ಒಂದು ರೆಕ್ಕೆಗರಿ ಬಿದ್ದಿತ್ತು. ಅಂಗೈಯಲ್ಲಿಟ್ಟು ನೋಡಿದರೆ ಕಣ್ಣು ಕುಕ್ಕುವ ನೀಲಿ. ಅದನ್ನೇ ಎತ್ತಿ ಸೂರ್ಯನಿಗೆ ಅಡ್ಡ ಹಿಡಿದೆ. ನೀಲಿ ಮಾಯ! ಮಾಸಲು ಕಂದು ಮಾತ್ರ ಉಳಿಯಿತು. ಕೆಳಗಿಳಿಸಿದರೆ ಮತ್ತೆ ನೀಲಿ. ಹತ್ತು ಸಲ ಮಾಡಿ ನೋಡಿದೆ. ಆ ಗರಿಯಲ್ಲಿ ನೀಲಿ ಬಣ್ಣ ಅನ್ನುವ ವಸ್ತುವೇ ಇಲ್ಲ. ಗರಿಯೊಳಗಿನ ತೀರಾ ಸಣ್ಣ ರಚನೆ ಬೆಳಕಿನಲ್ಲಿ ನೀಲಿಯನ್ನಷ್ಟೇ ಹಿಂದಕ್ಕೆ ಚಿಮ್ಮಿಸುತ್ತದೆ. ಅರೆದು ಪುಡಿ ಮಾಡಿದರೆ ನೀಲಿ ಸಿಗುವುದಿಲ್ಲ. ನವಿಲುಗರಿಯ ಕಥೆಯೂ ಇದೇ. ಗಿಳಿಯ ಹಸಿರಿನಲ್ಲಿ ಅರ್ಧ ಇದೇ ಬೆಳಕಿನ ನೀಲಿ, ಅದರ ಮೇಲೆ ನಿಜವಾದ ಹಳದಿ ಬಣ್ಣ ಸೇರಿ ಹಸಿರಾಗಿ ಕಾಣುತ್ತದೆ. ನಮ್ಮ ಟ್ಯೂಬಿನ ನೀಲಿ ಸುಮ್ನೆ ಮಲಗಿರುತ್ತದೆ, ಹಾಗಾಗಿ ಕೆಳಗಿನಿಂದ ಕಾಗದದ ಬೆಳಕು ಬರುವ ಹಾಗೆ ತೀರಾ ತೆಳುವಾಗಿ, ಪದರ ಪದರವಾಗಿ ಹಚ್ಚಬೇಕು. ಆ ಗರಿಯನ್ನು ಅಲ್ಲೇ ಕೂತು ಬರೆದು, ಬದುವಿನ ಮೇಲೆ ಬಿಟ್ಟು ಬಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಮನೆಯಲ್ಲಿ ಕಾಡುಹಕ್ಕಿಯ ಗರಿ ಕೂಡಿಡಬಾರದು. ಮಕ್ಕಳೇ, ಇದು ನಿಮಗೂ.

ಮಳೆಗಾಲದಲ್ಲಿ ಹೇಗೆ ಬರೆಯುತ್ತೀರಿ ಅಂತ ಬೆಂಗಳೂರಿನವರು ಕೇಳುತ್ತಾರೆ. ನಿಮಗೆ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಕಾಗದಕ್ಕೆ ಬೂಸ್ಟು. ಹಚ್ಚಿದ ಬಣ್ಣ ಮಾರನೇ ದಿನವೂ ಒದ್ದೆ. ಕಪಾಟಿನಲ್ಲಿಟ್ಟಿದ್ದ ಒಂದು ವರ್ಷದ ಚಿತ್ರಗಳು ಒಂದೇ ಮಳೆಗಾಲದಲ್ಲಿ ಚುಕ್ಕೆ ಚುಕ್ಕೆಯಾಗಿ ಹೋದವು. ಆಗ ಅತ್ತೆ ಹೇಳಿಕೊಟ್ಟ ಉಪಾಯವನ್ನೇ ಈಗಲೂ ಮಾಡುತ್ತೇನೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕಾಗದದ ಕಟ್ಟು. ಹೊಗೆಯ ವಾಸನೆ ಹಿಡಿಯುತ್ತದೆ, ಹಿಡಿಯಲಿ.

ಆದರೆ ಮಳೆಗಾಲದಲ್ಲಿ ಮನೆಯಲ್ಲಿ ಕೂರಲು ಆಗುವುದಿಲ್ಲ, ಯಾಕೆಂದರೆ ಸೋಂದೆಯ ಮುಂಡಿಗೆಕೆರೆ ಇದೆ. ಇಲ್ಲಿಂದ ಅರ್ಧ ಗಂಟೆಯ ದಾರಿ. ಕೆರೆಯೊಳಗೆ ಮುಂಡಿಗೆ ಗಿಡಗಳ ಹಿಂಡು, ಅದರ ಮೇಲೆ ಬೆಳ್ಳಕ್ಕಿಗಳ ಗೂಡು. ಮುಳ್ಳು ಮುಳ್ಳಿನ ಎಲೆ, ಸುತ್ತ ನೀರು, ಬೇರೆ ಪ್ರಾಣಿಗಳು ಅಷ್ಟು ಸುಲಭಕ್ಕೆ ಹತ್ತಲಾರವು. ಬಿಳಿ ಹಕ್ಕಿಯನ್ನು ಬಿಳಿ ಕಾಗದದ ಮೇಲೆ ಬರೆಯುವುದು ಹೇಗೆ? ಹಕ್ಕಿಯನ್ನು ಬರೆಯುವುದೇ ಇಲ್ಲ. ಸುತ್ತಲಿನ ಮುಂಡಿಗೆ ಎಲೆ, ಮೋಡ, ನೀರು ಎಲ್ಲ ಬರೆಯುತ್ತಾ ಬಂದರೆ ನಡುವೆ ಬಿಟ್ಟ ಜಾಗವೇ ಹಕ್ಕಿಯಾಗುತ್ತದೆ. ಹೊಟ್ಟೆಯ ಕೆಳಗೆ ತೆಳು ನೇರಳೆ ನೆರಳು, ಕೊಕ್ಕು, ಕಾಲು, ಅಷ್ಟೇ. ಎಲೆ ತಪ್ಪಿದರೆ ಹಕ್ಕಿಯೂ ತಪ್ಪುತ್ತದೆ.

ಕಾಲು ಅಂದಾಗ ನೆನಪಾಯಿತು. ನೀವೆಲ್ಲ ಹಕ್ಕಿ ಬರೆಯುವಾಗ ಮುಂದೆ ಮೂರು ಬೆರಳು, ಹಿಂದೆ ಒಂದು ಹಾಕುತ್ತೀರಿ ಅಲ್ವಾ? ಪಿಕಳಾರಕ್ಕೆ, ಕಾಗೆಗೆ ಅದು ಸರಿ. ಕುಟ್ರುಹಕ್ಕಿಗೆ, ಮರಕುಟಿಕಕ್ಕೆ, ಕೋಗಿಲೆಗೆ ಮುಂದೆ ಎರಡು, ಹಿಂದೆ ಎರಡು. ಮುಂದಿನ ಸಲ ಕುಟ್ರುಹಕ್ಕಿ ಕಂಡರೆ ಮೊದಲು ಪಾದ ನೋಡಿ.

ಹಕ್ಕಿ ಬರೆಯುವುದು ಬ್ರಿಟಿಷರು ತಂದ ಹವ್ಯಾಸ ಅಂತ ಕೆಲವರು ತಿಳಿದಿದ್ದಾರೆ. ಕಾರವಾರದಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ 1898ರಲ್ಲಿ ನಮ್ಮ ಜಿಲ್ಲೆಯ ಹಕ್ಕಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದು ನಿಜ, ಒಳ್ಳೆಯ ಕೆಲಸ. ಆದರೆ ಕೈ ನಮ್ಮದೂ ಇತ್ತು. ಮೊಘಲ್ ದೊರೆ ಜಹಾಂಗೀರನ ಆಸ್ಥಾನದಲ್ಲಿ ಹಕ್ಕಿ, ಪ್ರಾಣಿ ಬರೆಯುವ ಚಿತ್ರಕಾರ ಮನ್ಸೂರ್ ಇದ್ದ. 1777ರಿಂದ ಕೆಲವು ವರ್ಷ ಕಲ್ಕತ್ತೆಯಲ್ಲಿ ಮೇರಿ ಇಂಪಿ ಎಂಬಾಕೆ ತಮ್ಮ ಮನೆಯಲ್ಲಿ ಸಾಕಿದ ಹಕ್ಕಿ, ಪ್ರಾಣಿಗಳನ್ನು ಬರೆಸಿದಾಗ ಬರೆದವರು ಪಾಟ್ನಾದಿಂದ ಬಂದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ ದಾಸ್. ಜೈನುದ್ದೀನನ ಗರಿಗಳನ್ನು ನೋಡಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಅವನ ಎದುರಿಗಿದ್ದದ್ದು ಸಾಕಿದ ಹಕ್ಕಿ. ಹಾಗಾಗಿ ಚಿತ್ರದಲ್ಲಿ ಅದು ಕೂತ ಟೊಂಗೆ ಅದರದ್ದೇ ಊರಿನ ಟೊಂಗೆ ಆಗಿರಬೇಕೆಂದೇನಿಲ್ಲ. ನಮಗೆ ಆ ಕೊರತೆ ಇಲ್ಲ ನೋಡಿ, ನಮ್ಮ ಹಕ್ಕಿಯೂ ಇಲ್ಲೇ ಇದೆ, ಟೊಂಗೆಯೂ ಇಲ್ಲೇ ಇದೆ.

ಇನ್ನೂ ಹತ್ತಿರ ಬನ್ನಿ. ಸಿದ್ದಾಪುರ, ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದ್ದೀರಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅದರೊಳಗೂ ಹಕ್ಕಿಗಳು ಬಂದು ಕೂರುತ್ತವೆ. ಎರಡೇ ಗೆರೆ, ಆದರೂ ಹಕ್ಕಿ ಅಂತ ಗೊತ್ತಾಗುತ್ತದೆ. ಕರಾವಳಿಯ ದೇವಸ್ಥಾನಗಳಲ್ಲಿ, ನಮ್ಮ ಮಾರಿಕಾಂಬೆಯ ಗುಡಿಯಲ್ಲೂ, ಸುಣ್ಣದ ಗಾರೆಯ ಮೇಲೆ ಕೆಂಪು ಹಚ್ಚಿ ಕೆರೆದು ಮಾಡಿದ ಕಾವಿ ಕಲೆ ಇದೆ. ಆ ಕೆಂಪು ಇದೇ ನೆಲದ ಕೆಂಪು. ನಾನು ಮಂಗಟ್ಟೆಯ ಮರದ ಬುಡಕ್ಕೆ ಹಚ್ಚುವ ಮಣ್ಣಿನ ಬಣ್ಣವನ್ನು ಈಗ ಟ್ಯೂಬಿನಿಂದ ತೆಗೆಯುವುದಿಲ್ಲ, ಬೆಟ್ಟದ ಕೆಮ್ಮಣ್ಣು ತಂದು, ಸೋಸಿ, ಅಂಟು ಬೆರೆಸಿ ಹಚ್ಚುತ್ತೇನೆ.

ಘಟ್ಟದ ಕೆಳಗಿನ ಚಿತ್ರಗಳಿಗೆ ಬರೋಣ. ಕುಮಟೆಯ ಹತ್ತಿರ ಅಘನಾಶಿನಿ ಕಡಲು ಸೇರುವ ಅಳಿವೆ. 2024ರ ಜನವರಿಯಲ್ಲಿ ಅದು ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಚಳಿಗಾಲದಲ್ಲಿ ಅಲ್ಲಿ ಕಂದು ತಲೆಯ ಕಡಲಕ್ಕಿ ಬರುತ್ತದೆ. ಚಿತ್ರ ನೋಡಿದವರೊಬ್ಬರು ಈಗಷ್ಟೇ ಕೇಳಿದರು, ಹೆಸರು ಕಂದು ತಲೆ ಅಂತ ಹಾಕಿದ್ದೀರಿ, ತಲೆ ಬಿಳಿ ಇದೆಯಲ್ಲ ಅಂತ. ಒಳ್ಳೆಯ ಪ್ರಶ್ನೆ. ಅದು ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಆಗ ತಲೆ ಕಂದು. ನಮ್ಮಲ್ಲಿಗೆ ಬರುವಷ್ಟರಲ್ಲಿ ಆ ಗರಿ ಉದುರಿ ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿರುತ್ತದೆ. ವಾಪಸ್ ಹೊರಡುವ ಹೊತ್ತಿಗೆ ಕೆಲವಕ್ಕೆ ಮತ್ತೆ ಕಂದು ಬರತೊಡಗುತ್ತದೆ. ಅಲ್ಲಿಯ ಚಿತ್ರ ನೋಡಿ ಇಲ್ಲಿಯ ಹಕ್ಕಿ ಬರೆದರೆ ಡಿಸೆಂಬರ್ ತಿಂಗಳ ಅಳಿವೆಯಲ್ಲಿ ಜೂನ್ ತಿಂಗಳ ಹಕ್ಕಿ ಕೂತ ಹಾಗೆ ಆಗುತ್ತದೆ.

ಅಲ್ಲೂ ನನಗೆ ಒಬ್ಬರು ಪಾಠ ಹೇಳಿದರು. ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ಬಳಚು ಅನ್ನುವ ಚಿಪ್ಪಿನ ಜೀವಿ ಹೆಕ್ಕಲು ಬರುತ್ತಾರೆ. ನಾನು ದಂಡೆಯಲ್ಲಿ ಕೂತು ಬೆಳ್ಳಕ್ಕಿ, ಕಡಲಕ್ಕಿ ಬರೆಯುತ್ತಿದ್ದೆ. ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಅಕ್ಕ ಬಗ್ಗಿ ನೋಡಿ ಕೇಳಿದರು, "ಇದು ನೀರು ಏರೂದಾ, ಇಳಿಯೂದಾ?" ನಾನು ನೀರು ಅಂತ ಒಂದು ನೀಲಿ ಪಟ್ಟೆ ಎಳೆದಿದ್ದೆ ಅಷ್ಟೇ. ಅವರು ತೋರಿಸಿದರು. ಇಳಿಯುವ ನೀರಾದರೆ ಕೆಸರು ಹೊಳೆಯುತ್ತದೆ, ಸಣ್ಣ ಸಣ್ಣ ಕಾಲುವೆಗಳು ಕಡಲ ಕಡೆ ಹರಿಯುತ್ತವೆ, ಹಕ್ಕಿಗಳು ಆ ಅಂಚಿನ ಹಿಂದೆ ಹಿಂದೆ ಹೋಗುತ್ತವೆ. ಏರುವಾಗ ಅದೇ ಹಕ್ಕಿಗಳು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕಡೆ, ಗಜನಿ ಅಂದರೆ ಉಪ್ಪುನೀರಿನ ಗದ್ದೆಯ ಕಟ್ಟೆಯ ಕಡೆ ಸರಿಯುತ್ತವೆ. ನನ್ನ ಹಕ್ಕಿಗಳು ಯಾವ ಕಡೆಗೂ ಹೊರಟಿರಲಿಲ್ಲ. ಆ ಹಾಳೆಯನ್ನು ಮಡಚಿ ಹೊಸ ಹಾಳೆ ತೆಗೆದೆ. ಹಿಂದಿನ ಗೋಡೆಯ ಉದ್ದ ಚಿತ್ರ ಅದು. ಅದರಲ್ಲಿ ನೀರು ಇಳಿಯುತ್ತಿದೆ, ನೋಡಿದರೆ ಗೊತ್ತಾಗುತ್ತದೆ ಅಂದುಕೊಂಡಿದ್ದೇನೆ.

ಹುಲಿ ಯಾಕೆ ಬರೆಯುವುದಿಲ್ಲ ಅಂತ ಪ್ರತಿ ಪ್ರದರ್ಶನದಲ್ಲೂ ಕೇಳುತ್ತಾರೆ. ನಾನು ಹುಲಿಯನ್ನು ಕಾಡಿನಲ್ಲಿ ನೋಡಿಲ್ಲ, ಹಾಗಾಗಿ ಬರೆಯುವುದಿಲ್ಲ. ಸಿಂಗಳೀಕ ನೋಡಿದ್ದೇನೆ, ಬರೆದಿದ್ದೇನೆ. ಅದರ ಕೈಯಲ್ಲಿರುವುದು ಉಪ್ಪಾಗೆ ಹಣ್ಣು. ಆ ಹಣ್ಣನ್ನು ನಾವೂ ಕೊಯ್ಯುತ್ತೇವೆ, ಮಾರುತ್ತೇವೆ. ಅಘನಾಶಿನಿ ಕೊಳ್ಳದ ಕಾಡಿನಲ್ಲಿ ಹಣ್ಣು ಪೂರ್ತಿ ಮಾಗುವ ಮೊದಲೇ, ಟೊಂಗೆ ಸಮೇತ ಕಡಿದು ಕೊಯ್ದರೆ ಮುಂದಿನ ವರ್ಷ ಸಿಂಗಳೀಕಕ್ಕೂ ಇಲ್ಲ, ನಮಗೂ ಇಲ್ಲ. ಚಿತ್ರದಲ್ಲಿ ಉಪ್ಪಾಗೆಯನ್ನು ಅಷ್ಟು ದೊಡ್ಡದಾಗಿ ಬರೆದಿದ್ದು ಅದಕ್ಕೇ.

ಕೊನೆಗೆ ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಈ ಪ್ರದರ್ಶನಕ್ಕೆ ಚಿತ್ರ ಕಟ್ಟಿ ತರುವ ಹಿಂದಿನ ವಾರ, ಹೊಸ ಮಂಗಟ್ಟೆಯ ಚಿತ್ರವನ್ನು ಮಾವನಿಗೆ ತೋರಿಸಲು ಒಯ್ದೆ. ಅವರಿಗೆ ಈಗ ಬೆಟ್ಟ ಹತ್ತಲು ಆಗುವುದಿಲ್ಲ, ಮೊಣಕಾಲು ನೋವು. ಕಣ್ಣೂ ಮಂಜು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಿದರು. ಗಂಡಿನ ಕೆಂಪು ಕಣ್ಣಿನ ಬಗ್ಗೆ ಏನಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಹಕ್ಕಿಯ ಸುದ್ದಿಯನ್ನೇ ಎತ್ತಲಿಲ್ಲ. ಬೆರಳು ಮೇಲೆ ಮೇಲೆ ಹೋಗಿ ಒಂದು ಕಡೆ ನಿಂತಿತು.

"ಇದು ನಮ್ಮ ಮೇಲಿನ ಬೆಟ್ಟದ ತಾರೆ ಮರ ಅಲ್ದಾ? ಬಲಗಡೆ ಟೊಂಗೆ ಯಾವಾಗ ಮುರದ್ದು?"

ಹೋದ ಮಳೆಗಾಲದಲ್ಲಿ, ಅಂದೆ.